ಪಡಸಾಲೆಯಲ್ಲಿ ಎರಡು ಜಪಾನಿ ಡಬ್ಬಿ

ನಾವು ಸಣ್ಣವರಿದ್ದಾಗ ಬಿಜಾಪುರದ ಮನೆಗಳಿಗೆ ಅನ್ನ ಸುಮ್ಮನೆ ಬರುತ್ತಿರಲಿಲ್ಲ, ಕಾರಣವಿದ್ದರೆ ಮಾತ್ರ ಬರುತ್ತಿತ್ತು. ಬೀಗರು ಬಂದರೆ ಅನ್ನ, ಜ್ವರ ಬಂದರೆ ಅನ್ನ, ಹಬ್ಬಕ್ಕೆ ಅನ್ನ. ಉಳಿದಂತೆ ಬೆಳಿಗ್ಗೆ ರೊಟ್ಟಿ, ರಾತ್ರಿ ರೊಟ್ಟಿ, ನಡುವೆ ಹಸಿವಾದರೆ ಬೆಳಗಿನ ರೊಟ್ಟಿಯ ಮೇಲೆ ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಅದರ ನಡುವೆ ಬೆರಳಿನಿಂದ ಗುಳಿ ಮಾಡಿ ಎಣ್ಣೆ. ಜೋರಾಪುರ ಪೇಟೆಯ ನಮ್ಮ ಓಣಿಗೆ ಬೆಳಗಾಗುತ್ತಿದ್ದುದೇ ರೊಟ್ಟಿ ಬಡಿಯುವ ಸದ್ದಿನಿಂದ. ಕಾನ್ವೆಂಟಿಗೆ ಹೊರಟ ನಾನು ಹೊಸ್ತಿಲ ಮೇಲೆ ಕುಳಿತು ಬೂಟಿನ ಲಾಡಿ ಕಟ್ಟಿಕೊಳ್ಳುತ್ತ, ಯಾವ ಮನೆಯಲ್ಲಿ ಯಾರು ಬಡಿಯುತ್ತಿದ್ದಾರೆಂದು ಕಿವಿಯಿಂದಲೇ ಹೇಳುತ್ತಿದ್ದೆ. ನಮ್ಮ ಶಾಂತಕ್ಕನ ಬಡಿತ ಎಲ್ಲರಿಗಿಂತ ಚುರುಕು. ಅವಳ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣುತ್ತದೆಂದು ಓಣಿಯವರು ಹೇಳುತ್ತಿದ್ದರು.

ಆದರೆ ಅನ್ನ ಅವಳಿಗೆ ಒಲಿದಿರಲಿಲ್ಲ. ಒಂದು ಸಲ ಮುದ್ದೆಯಾಗುತ್ತಿತ್ತು, ಇನ್ನೊಂದು ಸಲ ನಡುವೆ ಅಕ್ಕಿ ಉಳಿಯುತ್ತಿತ್ತು. ನಮ್ಮಲ್ಲಿ ಅದನ್ನು ಯಾರೂ ದೊಡ್ಡ ಕೊರತೆ ಎಂದು ಎಣಿಸಿರಲಿಲ್ಲ, ಭದ್ರಾವತಿಯಿಂದ ಸಂಬಂಧ ಬರುವವರೆಗೆ.

ಅದು ಬೇಸಿಗೆ. ಅಕ್ಕ ಮೆಟ್ರಿಕ್ ಪಾಸಾಗಿದ್ದಳು. ಊರಿನ ಶಿಕ್ಷಕಿಯರ ಟ್ರೇನಿಂಗ್ ಕಾಲೇಜಿನಲ್ಲಿ ಅವಳಿಗೆ ಸೀಟೂ ಸಿಕ್ಕಿತ್ತು. ಜೂನಿನಲ್ಲಿ ಸೇರಬೇಕಿತ್ತು. ಅಷ್ಟರಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸದಲ್ಲಿರುವ ಹುಡುಗನ ಮಾತು ಬಂತು. ಒಳ್ಳೆಯ ಮನೆತನ, ಕ್ವಾರ್ಟರ್ಸು, ಅದರಲ್ಲಿ ನಲ್ಲಿ. ಅವ್ವನಿಗೆ ನಲ್ಲಿಯೇ ಹೆಚ್ಚು ಹಿಡಿಸಿತು. ಊರಿಗೆ ನೀರು ಕೊಡುವ ಭೂತನಾಳದ ಕೆರೆ ಇಳಿದ ವರ್ಷ ಕೊಡ ಹಿಡಿದು ಸರದಿ ನಿಂತವಳು ಆಕೆ. ಹುಡುಗನ ತಾಯಿ ಮಾತ್ರ ಒಂದು ಮಾತು ಹೇಳಿಕಳಿಸಿದ್ದಳು: ನಮ್ಮಲ್ಲಿ ಎರಡು ಹೊತ್ತೂ ಅನ್ನ, ನಿಮ್ಮ ಕಡೆಯ ಹುಡುಗಿಯರಿಗೆ ಅದು ಬರುವುದಿಲ್ಲವಂತೆ, ಹಾಗಾಗಿ ನಾವು ಹುಡುಗಿ ನೋಡಲು ಊಟದ ಹೊತ್ತಿಗೇ ಬರುತ್ತೇವೆ.

ಅವ್ವ ಮುಂಬೈಯ ಬಂದರಿನಲ್ಲಿ ಕೆಲಸ ಮಾಡುತ್ತಿದ್ದ ತನ್ನ ತಮ್ಮನಿಗೆ, ಎಂದರೆ ನಮ್ಮ ಮಾಮಾನಿಗೆ, ಸುದ್ದಿ ಮುಟ್ಟಿಸಿದಳು. ಹಡಗಿನವರ ಕೈಯಲ್ಲಿ ಜಪಾನಿನಿಂದ ಅನ್ನ ಮಾಡುವ ಯಂತ್ರ ಬರುತ್ತದೆಂದು ಹಿಂದೊಮ್ಮೆ ಅವನೇ ಕೊಚ್ಚಿಕೊಂಡಿದ್ದ.

ಮಾಮಾ ರೈಲಿನಲ್ಲಿ ಎರಡು ಪೆಟ್ಟಿಗೆ ಹೊತ್ತು ತಂದ. ಪಡಸಾಲೆಯ ಜಮಖಾನೆಯ ಮೇಲೆ ಎರಡನ್ನೂ ಬಿಚ್ಚಿಟ್ಟ. ಎರಡೂ ಹಾಲಿನಂಥ ಬಿಳುಪು, ಕರಿ ಹಿಡಿಕೆ, ಕೆಳಗೆ ಬೆರಳಿನಷ್ಟು ಗುಂಡಿ. ಒಂದು ಇಡೀ ಮನೆಗೆ ಆಗುವಷ್ಟು ದೊಡ್ಡದು, ಇನ್ನೊಂದು ತೊಟ್ಟಿಲ ಕೂಸಿನ ಟೊಪ್ಪಿಗೆಯಂತೆ ಸಣ್ಣದು. ಜೊತೆಗೆ ಇಟ್ಟಿಗೆಯಷ್ಟು ಭಾರದ ಒಂದು ಕಬ್ಬಿಣದ ಪೆಟ್ಟಿಗೆ.

"ಇದೇನೋ?" ಎಂದಳು ಅತ್ತಿ. ಅಪ್ಪನ ಅಕ್ಕ ಆಕೆ. ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದು ಅಡುಗೆಮನೆಯನ್ನು ಕೈಯಲ್ಲಿಟ್ಟುಕೊಂಡಿದ್ದಳು.

"ಟ್ರಾನ್ಸ್‌ಫಾರ್ಮರ್ ರೀ ಅತ್ತಿ. ಜಪಾನಿನ ಕರೆಂಟು ನಮ್ಮದಕಿಂತ ಮೆತ್ತಗ. ನೇರ ಹಚ್ಚಿದ್ರ ಸುಟ್ಟು ಹೋಗ್ತಾವು."

"ಬರೇ ಅನ್ನ ಉಂಡ್ರ ಕರೆಂಟೂ ಮೆತ್ತಗಾಗತೈತೇನು!" ಅತ್ತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಪ್ಪನೂ ನಕ್ಕ.

ಮಾಮಾ ವಿಷಯ ಬಿಡಿಸಿ ಹೇಳಿದ. "ಎರಡ್ರಾಗ ಒಂದ ಇಟಗೋರಿ. ಇನ್ನೊಂದು ನಮ್ಮ ಸಾಹೇಬರಿಗೆ ಒಯ್ಯಬೇಕು. ಸಣ್ಣದಂದ್ರ ಗಂಡ ಹೆಂಡತಿಗೆ ಸಾಕು, ಶಾಂತಾನ ಜೋಡಿ ಭದ್ರಾವತಿಗೆ ಹೋಗತೈತಿ. ದೊಡ್ಡದಂದ್ರ ಇಲ್ಲೇ, ನಿಮ್ಮ ಮನಿಗೆ."

"ಸಣ್ಣದ ಇರ್ಲಿ. ನೋಡಾಕ ಬಂದಾಗೂ ಆತು, ಬಳುವಳಿಗೂ ಆತು," ಎಂದು ಅವ್ವ ಅಲ್ಲೇ ಮುಗಿಸಿಬಿಟ್ಟಳು.

"ತಡಿ ಬೇ," ಎಂದಳು ಅತ್ತಿ. "ಮಾಡಿ ನೋಡೂದು ಬ್ಯಾಡೇನು? ಗಡಿಗಿ ತಗೋಬೇಕಾದ್ರೂ ಬಾರಿಸಿ ನೋಡ್ತೀವಿ."

ಮೊದಲು ದೊಡ್ಡದು. ಅತ್ತಿ ಅಕ್ಕಿ ತೊಳೆದು ಹಾಕಿ, ತನಗೆ ಗೊತ್ತಿದ್ದ ರೀತಿಯಲ್ಲಿ ತಂಬಿಗೆಯ ಮೇಲೆ ತಂಬಿಗೆ ನೀರು ಸುರಿದಳು. ನಮ್ಮಲ್ಲಿ ಅನ್ನವೆಂದರೆ ಬಸಿಯುವ ಅನ್ನ. ಬೆಂದ ಮೇಲೆ ಗಂಜಿಯನ್ನು ಬಸಿದು, ಅದರಲ್ಲಿ ಅಪ್ಪನ ಧೋತರ, ರುಮಾಲು ಅದ್ದುತ್ತಿದ್ದರು. ಅಂಗಡಿಗೆ ಹೋಗುವ ಅಪ್ಪನ ರುಮಾಲಿನ ತುದಿ ಹಬ್ಬದ ಮರುದಿನ ಮಾತ್ರ ಸೆಟೆದು ನಿಲ್ಲುತ್ತಿದ್ದುದು ಅದಕ್ಕೇ. ಗುಂಡಿ ಒತ್ತಿದ ಸ್ವಲ್ಪ ಹೊತ್ತಿಗೆ ಮುಚ್ಚಳ ಗಡಗಡ ಎಂದಿತು. ಬಿಳಿ ನೊರೆ ಎದ್ದು, ಡಬ್ಬಿಯ ಮೈಮೇಲೆಲ್ಲ ಇಳಿದು ಜಮಖಾನೆಗೆ ಹರಿಯಿತು. ಮಾಮಾ ಹಾರಿ ವಾಯರು ಕಿತ್ತ.

"ಅತ್ತಿ, ಇದರಾಗ ಬಸಿಯೂದಿಲ್ಲ ರೀ! ನೀರೆಲ್ಲ ಅದ ಕುಡಿತೈತಿ."

"ಹಂಗಾರ ಗಂಜಿ?"

"ಗಂಜಿ ಬರೂದಿಲ್ಲ."

"ಗಂಜಿ ಬರಲಾರದ್ದು ಅದೆಂಥಾ ಅನ್ನವೋ ಯಪ್ಪಾ," ಎಂದು ಅತ್ತಿ ನಿಜವಾಗಿಯೂ ಮರುಕದಿಂದ ಕೇಳಿದಳು.

ಆಗ ನನಗೆ ಕರೆ ಬಂತು. ಪೆಟ್ಟಿಗೆಯಲ್ಲಿದ್ದ ಹಾಳೆಯಲ್ಲಿ ಇರುವೆ ಸಾಲಿನಂಥ ಜಪಾನಿ ಅಕ್ಷರಗಳು, ಅವುಗಳ ಕೆಳಗೆ ನಾಲ್ಕಾರು ಸಾಲು ಇಂಗ್ಲಿಷ್. ಶಾಲೆಯಲ್ಲಿ ಸಿಸ್ಟರ್ ಮುಂದೆ ನಿಲ್ಲುವಂತೆ ಕೈಕಟ್ಟಿ ನಿಂತು ಓದಿದೆ: ಹೊರಗಿನ ಪಾತ್ರೆಗೆ ಒಂದು ಬಟ್ಟಲು ನೀರು, ಒಳಗಿನದಕ್ಕೆ ಗೆರೆಯವರೆಗೆ ನೀರು, ಗುಂಡಿ ತಾನೇ ಮೇಲೇಳುವವರೆಗೆ ಮುಚ್ಚಳ ತೆಗೆಯಬಾರದು.

ಈ ಸಲ ಸಣ್ಣದು. ಮುಚ್ಚಳದ ಸುತ್ತ ಉಸಿರಿನಷ್ಟು ಆವಿ, ಹೊಸ ಅಕ್ಕಿಯ ವಾಸನೆ. ಎಲ್ಲರೂ ಸುತ್ತ ಕುಳಿತಿದ್ದೆವು. ಟಕ್ ಎಂದು ಗುಂಡಿ ಎದ್ದಿತು. ಅವ್ವ ಮುಚ್ಚಳ ತೆಗೆದರೆ ಅಗಳು ಅಗಳಾದ ಅನ್ನ. ಯಾರೂ ಒಲೆ ಊದಿರಲಿಲ್ಲ, ಯಾರ ಕೈಯೂ ಸುಟ್ಟಿರಲಿಲ್ಲ. ಅವ್ವನ ಮುಖ ಅರಳಿತು.

"ನೋಡ್ರಿ ಮತ್ತ. ಇನ್ನ ಯಾರೂ ನಮ್ಮ ಹುಡುಗಿಗೆ ಅನ್ನ ಬರೂದಿಲ್ಲಂತ ಹೆಸರಿಡಾಕ ಆಗೂದಿಲ್ಲ."

ಅಷ್ಟು ಹೊತ್ತೂ ಶಾಂತಕ್ಕ ಒದ್ದೆ ಅರಿವೆಯಿಂದ ಜಮಖಾನೆ ಒರೆಸುತ್ತಿದ್ದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದುದನ್ನು ನಾನು ನೋಡಿದೆ. ಅನ್ನ ಕೆಟ್ಟಿದ್ದರೆ ಭದ್ರಾವತಿಯವರು ತಾವೇ ಬೇಡವೆಂದು ಎದ್ದು ಹೋಗುತ್ತಿದ್ದರು, ಅವಳ ಜೂನ್ ಅವಳಿಗೆ ಉಳಿಯುತ್ತಿತ್ತು. ಈಗ ಕೆಡುವುದೇ ಇಲ್ಲದ ಅನ್ನ ಬಂದಿತ್ತು. ಬೇಡ ಎಂದು ಬಾಯಿಬಿಟ್ಟು ಹೇಳುವುದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಗೊತ್ತಿರಲಿಲ್ಲ.

ಅತ್ತಿ ಅವಳನ್ನೇ ನೋಡುತ್ತಿದ್ದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. "ಒಲಿ ಮುಂದ ಕುಂದ್ರಾಕಿ ಅಕಿ. ಅಕೀನ್ನ ಒಂದ ಮಾತು ಕೇಳಪ್ಪಾ."

"ಅಕೀನ್ನ ಏನ ಕೇಳೂದೈತಿ?" ಎಂದಳು ಅವ್ವ.

"ಶಾಂತಾ, ಯಾವದು ಇಡೂನ?" ಎಂದು ಅಪ್ಪ ಕೇಳಿದ.

ಬೀದಿಯಲ್ಲಿ ಟಾಂಗಾ ಒಂದು ಹೋಯಿತು. ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಅಪ್ಪ ಮತ್ತೊಮ್ಮೆ ಕೇಳಲಿಲ್ಲ, ಆದರೆ ಏಳಲೂ ಇಲ್ಲ. ಅಕ್ಕ ಅರಿವೆ ಕೆಳಗಿಟ್ಟಳು. ಮಂಡಿಯೂರಿ ಮುಂದೆ ಬಂದು, ಗಂಜಿ ಅಂಟಿದ್ದ ದೊಡ್ಡ ಡಬ್ಬಿಯ ಮೇಲೆ ಕೈ ಇಟ್ಟಳು.

"ಉಕ್ಕಿದ್ದು ಅದ," ಎಂದ ಅಪ್ಪ.

"ಹೌದು."

"ಅದು ಭದ್ರಾವತಿಗೆ ಹೋಗೂದಿಲ್ಲ."

"ಗೊತ್ತೈತಿ ಅಪ್ಪಾ."

ಅಪ್ಪನದು ಸೀರೆಯ ಅಂಗಡಿ. ಅಲ್ಲಿ ಅವನದೊಂದು ರೀತಿಯಿತ್ತು. ಗಾದಿಯ ಮೇಲೆ ಎಷ್ಟೇ ಸೀರೆ ಹರವಿರಲಿ, ಹೆಣ್ಣುಮಗಳು ಒಂದರ ಮೇಲೆ ಅಂಗೈ ಊರಿದಳೆಂದರೆ ಉಳಿದವನ್ನೆಲ್ಲ ಆ ಗಳಿಗೆಯಲ್ಲೇ ಮಡಿಚಿಬಿಡುತ್ತಿದ್ದ. ಇನ್ನೂ ಚಲೋದು ಇದೆ, ಇದನ್ನು ನೋಡಿರಿ ಎಂದು ಎಂದೂ ಅನ್ನುತ್ತಿರಲಿಲ್ಲ. ಪಕ್ಕದ ಅಂಗಡಿಯವರು ಇದಕ್ಕೆ ನಗುತ್ತಿದ್ದರು. ಅಪ್ಪ ಈಗ ಸಣ್ಣ ಡಬ್ಬಿಯನ್ನು ಹತ್ತಿರ ಎಳೆದುಕೊಂಡ. ಅದರಲ್ಲಿದ್ದ ಅನ್ನವನ್ನು ತಾಟಿಗೆ ಸುರಿದ, ಒರೆಸಿದ, ಮುಚ್ಚಳ ಹಾಕಿ ವಾಯರನ್ನು ಸುತ್ತಿದ, ಪೆಟ್ಟಿಗೆಯೊಳಗಿಟ್ಟ.

"ಇದನ್ನ ನಿಮ್ಮ ಸಾಹೇಬರಿಗೆ ಒಯ್ಯಿ," ಎಂದ ಮಾಮಾನಿಗೆ.

"ಹುಡುಗಿ ಮಾತಿಗೆ ಮನಿ ನಡಿತೈತೇನು?" ಎಂದಳು ಅವ್ವ. "ನಲ್ಲಿ ಇದ್ದ ಮನಿ ರೀ ಅದು!"

"ಕೈ ಇಟ್ಟಾಳ," ಎಂದ ಅಪ್ಪ. "ಮುಗೀತು."

ಆ ಅನ್ನವನ್ನು ಮೊಸರು ಕಲಸಿ ಎಲ್ಲರೂ ಉಂಡೆವು. ಅವ್ವ ಉಣ್ಣಲಿಲ್ಲ. ಭದ್ರಾವತಿಯವರಿಗೆ ಬರುವುದು ಬೇಡವೆಂದು ಹೇಳಿಕಳಿಸಿದ್ದಾಯಿತು. ಅಳಿಯನನ್ನು ಬಿಟ್ಟು ಡಬ್ಬಿ ಇಟ್ಟುಕೊಂಡವರೆಂದು ಓಣಿಯ ತುಂಬ ಮಾತಾಯಿತು. ನೀರಿನ ಸರದಿಯಲ್ಲಿ ಯಾರೋ ಅವ್ವನನ್ನು, "ಡಬ್ಬಿ ನಿಮ್ಮ ಮನಿಯವರಿಗೆ ಮಾವಾ ಅಂತೈತೇನ್ರಿ?" ಎಂದೂ ಕೇಳಿದರು. ಅವ್ವ ಬಹಳ ದಿನ ಅಪ್ಪನ ತಾಟನ್ನು ಮಾತಿಲ್ಲದೆ ಇಟ್ಟು ಒಳಗೆ ಹೋಗುತ್ತಿದ್ದಳು.

ಜೂನಿನಲ್ಲಿ ಅಕ್ಕ ಟ್ರೇನಿಂಗಿಗೆ ಸೇರಿದಳು. ಆಮೇಲೆ ತಿಕೋಟಾದ ಶಾಲೆಗೆ ಬಸ್ಸಿನಲ್ಲಿ ಹೋಗಿಬರುವ ಟೀಚರಮ್ಮನಾದಳು. ತಡವಾಗಿ, ತನಗೆ ಒಪ್ಪಿಗೆಯಾದ ಮೇಲೆ, ಬಬಲೇಶ್ವರದ ಮನೆಯೊಂದಕ್ಕೆ ಸೊಸೆಯಾದಳು. ಅಲ್ಲಿ ಎರಡು ಹೊತ್ತೂ ರೊಟ್ಟಿ. ದೊಡ್ಡ ಡಬ್ಬಿ ಕೆಲವು ಹಬ್ಬಗಳಿಗೆ ಅನ್ನ ಮಾಡಿತು. ಟ್ರಾನ್ಸ್‌ಫಾರ್ಮರ್ ಸುಟ್ಟ ಮೇಲೆ ಅತ್ತಿ ಅದರಲ್ಲಿ ತೊಗರಿಬೇಳೆ ತುಂಬಿಟ್ಟಳು.

ಈಗ ನಮ್ಮ ಮನೆಗಳಲ್ಲೂ ದಿನವೂ ಅನ್ನ. ಕುಕ್ಕರು ಯಾವುದೆಂದು ಯಾರೂ ಸಭೆ ಸೇರುವುದಿಲ್ಲ. ರೊಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ, ಬೆಳಗಿನ ಓಣಿ ಸದ್ದಿಲ್ಲದೆ ಏಳುತ್ತದೆ.

ನನ್ನ ಮದುವೆಯ ಸರದಿ ಬರುವ ಹೊತ್ತಿಗೆ ಅಪ್ಪ ಇರಲಿಲ್ಲ, ಅತ್ತಿಯೂ ಇರಲಿಲ್ಲ. ಮಾಮಾ ಮುಂಬೈಯಿಂದಲೇ ಎಲ್ಲ ಗೊತ್ತು ಮಾಡಿದ, ಅವ್ವ ಬೇಕಾದುದನ್ನೆಲ್ಲ ಆರಿಸಿ ಕಟ್ಟಿಸಿದಳು. ಇಬ್ಬರೂ ಚೆನ್ನಾಗಿಯೇ ಆರಿಸಿದರು. ನನ್ನ ಮನೆಯಲ್ಲಿ ನಲ್ಲಿಯಿದೆ, ದೂರಲು ಏನೂ ಇಲ್ಲ. ಕೇಳಿದ್ದರೆ ನಾನೂ ಬಹುಶಃ ಅದನ್ನೇ ಆರಿಸುತ್ತಿದ್ದೆ. ಆದರೆ ಒಂದು ಹುಡುಗಿಯ ಉತ್ತರಕ್ಕಾಗಿ ಅಂದು ಮನೆಯ ಹಿರಿಯರೆಲ್ಲ ಬಾಯಿ ಮುಚ್ಚಿ ಕಾದಿದ್ದರು. ಹಾಗೆ ಕಾಯುವವರು ನನಗೆ ಉಳಿದಿರಲಿಲ್ಲ.