ವಿಮಲಾ ಆಂಟಿಯ ಬೋಗುಣಿ, ಅಮ್ಮನ ತೂತಿನ ಪಾತ್ರೆ

ಒಂದು ನಿಮಿಷ ತಾಳಿ, ಮೊದಲು ಒಂದು ಸದ್ದು ಕೇಳಿಸುತ್ತೇನೆ, ಆಮೇಲೆ ಮಾತು. ಠಣ್! ಸ್ಟೀಲಿನ ತೂತಿನ ಪಾತ್ರೆ ಸ್ಟೀಲಿನ ಬೋಗುಣಿಯೊಳಗೆ ಕೂತಾಗ ಬರುವ ಸದ್ದು ಅದು. ಹಿಂದೆಯೇ ಅಂಚಿಗೆ ಅಂಚು ಉಜ್ಜಿ ಸಣ್ಣಗೆ ಒಂದು ಗುಂಯ್. ಈಗ ನಾನಿರುವುದು ಅಬುಧಾಬಿ ಕಡೆಯ ಅಲ್ ಐನ್‌ನ ಹಾಸ್ಟೆಲಿನಲ್ಲಿ. ಯಾರೂ ಹೇಳಿಕೊಡದೆ ನಾನಾಗಿಯೇ ಅಡುಗೆ ಕಲಿಯುತ್ತಿದ್ದೇನೆ, ಅರ್ಧ ದಿನ ಸೀಯುತ್ತದೆ, ಅರ್ಧ ದಿನ ಬೇಯುವುದಿಲ್ಲ. ಆದರೆ ಆ ಠಣ್ ಕೇಳಿತೆಂದರೆ ನನಗೆ ಒಂಬತ್ತೇ ವರ್ಷ, ನಾನು ದುಬೈಯ ಅಲ್ ಕುಸೈಸ್‌ನ ಆ ಮೂರನೇ ಮಹಡಿಯ ಫ್ಲಾಟಿನಲ್ಲೇ ಇರುತ್ತೇನೆ.

ಅಲ್ಲಿ ಎರಡು ಬೆಡ್‌ರೂಮು, ಎರಡು ಸಂಸಾರ, ಒಂದೇ ಅಡುಗೆಮನೆ. ಒಂದು ಕೋಣೆ ಉಡುಪಿ ಕಡೆಯ ನಮ್ಮದು, ಅಪ್ಪ, ಅಮ್ಮ, ನಾನು. ಇನ್ನೊಂದು ಮೈಸೂರಿನ ವಿಮಲಾ ಆಂಟಿ ಮತ್ತು ಅಂಕಲ್‌ರದು. ಅಮ್ಮನ ತೂತಿನ ಪಾತ್ರೆಯ ಅಂಚಿನಲ್ಲಿ ‘ಸುಜಾತ’ ಎಂದೂ, ಆಂಟಿಯ ದೊಡ್ಡ ಬೋಗುಣಿಯ ಅಂಚಿನಲ್ಲಿ ‘ವಿಮಲ’ ಎಂದೂ ಊರಿನ ಪಾತ್ರೆ ಅಂಗಡಿಯವರು ಚುಕ್ಕಿ ಚುಕ್ಕಿಯಾಗಿ ಕೊರೆದುಕೊಟ್ಟಿದ್ದರು. ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಮದುವೆಗೆ ಕೊಂಡ ಪಾತ್ರೆಗಳು ದುಬೈಯಲ್ಲಿ ಒಂದರೊಳಗೊಂದು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತಿದ್ದವು. ಶಾಲೆಯಲ್ಲಿ ನನಗೆ ಕನ್ನಡ ಇರಲಿಲ್ಲ. ಪಾತ್ರೆ ಒರೆಸುವಾಗ ಆಂಟಿ ನನ್ನ ಬೆರಳು ಹಿಡಿದು ಆ ಚುಕ್ಕಿಗಳ ಮೇಲೆ ಓಡಿಸುತ್ತಿದ್ದರು. ನಾನು ಕನ್ನಡದಲ್ಲಿ ಓದಿದ ಮೊದಲ ಪದ ಒಂದು ಬೋಗುಣಿಯ ಮೇಲಿನ ಹೆಸರು. ಈಗ ಇದನ್ನು ಬರೆಯುತ್ತಿರುವ ಅಕ್ಷರಗಳೆಲ್ಲ ಅಲ್ಲಿಂದಲೇ ಬಂದವು.

ಪ್ರತಿದಿನ ಅಮ್ಮ ಕುಚ್ಚಲಕ್ಕಿ ಅನ್ನ ಬಸಿಯುತ್ತಿದ್ದಳು. ಅಡುಗೆಮನೆಯ ಗಾಜು ಹಬೆಯಿಂದ ಮಬ್ಬಾಗುತ್ತಿತ್ತು, ಅನ್ನ ಮೇಲೆ ಉಳಿದು ಬೆಳ್ಳಗಿನ ಗಂಜಿ ತಿಳಿ ಬೋಗುಣಿಗೆ ಇಳಿಯುತ್ತಿತ್ತು. ಅದಕ್ಕೆ ಉಪ್ಪು ಹಾಕಿ ನನಗೊಂದು ಲೋಟ. ಕುಕ್ಕರಿನಲ್ಲಿ ಅನ್ನ ಮಾಡುವ ಆಂಟಿ, “ಏನಮ್ಮಾ ಸುಜಾತಾ, ಅನ್ನಕ್ಕೆ ದಿನಾ ಎಣ್ಣೆಸ್ನಾನಾನಾ?” ಎಂದು ಛೇಡಿಸುತ್ತಲೇ ತಾವೂ ಒಂದು ಲೋಟ ಚಾಚುತ್ತಿದ್ದರು. ಸಂಜೆ ಅದೇ ಜೋಡಿಯಲ್ಲಿ ಸೊಪ್ಪು ತೊಳೆಯುತ್ತಿದ್ದರು. ಕೆಳಗೆ ಇಳಿದ ಮಣ್ಣುನೀರನ್ನು ಚೆಲ್ಲುವುದು ನನ್ನ ಕೆಲಸ. ಹಾಗಾಗಿ ನನ್ನ ತಲೆಯಲ್ಲಿ ಒಂದು ಕಾನೂನು ತಯಾರಾಗಿತ್ತು: ಬೆಳ್ಳಗಿನ ನೀರು ಕುಡಿಯುವುದು, ಬಣ್ಣದ ನೀರು ಚೆಲ್ಲುವುದು.

ಆ ಶುಕ್ರವಾರ ಆಂಟಿ ಬೆಳಿಗ್ಗೆಯಿಂದ ಹಾಡು ಗುನುಗುತ್ತಿದ್ದರು. ವಿಸಿಟ್ ವೀಸಾದಲ್ಲಿ ಬಂದಿದ್ದ ಅವರ ತಂದೆ, ನಾನು ತಾತ ಎನ್ನುತ್ತಿದ್ದವರು, ಮರುದಿನ ಊರಿಗೆ ಹೊರಡುವವರಿದ್ದರು. ತಾತನಿಗೆ ಇಷ್ಟವೆಂದು ಬಸ್ಸಾರು ಮಾಡಲು ಹುರುಳಿಕಾಳು, ದಂಟಿನ ಸೊಪ್ಪು ಬೇಯಿಸಿ, ಜೋಡಿ ಪಾತ್ರೆಯಲ್ಲಿ ಬಸಿಯಲಿಟ್ಟು ಸ್ನಾನಕ್ಕೆ ಹೋದರು. ನಾನು ಬಂದು ನೋಡಿದೆ. ಮೇಲೆ ಸೊಪ್ಪು, ಕೆಳಗೆ ಕಂದುಬಣ್ಣದ ನೀರು. ಸ್ಟೂಲ್ ಎಳೆದು ಹತ್ತಿ, ತೂತಿನ ಪಾತ್ರೆಯನ್ನು ಪಕ್ಕಕ್ಕಿಟ್ಟು, ಇಡೀ ಬೋಗುಣಿಯನ್ನು ಸಿಂಕಿಗೆ ಬಗ್ಗಿಸಿದೆ. ಹುರುಳಿಯ ಬಿಸಿ ಘಮ ಮುಖಕ್ಕೆ ಹೊಡೆದಾಗಲೇ ಇದು ಮಣ್ಣುನೀರಲ್ಲ ಎಂದು ಗೊತ್ತಾದದ್ದು. ಪಾತ್ರೆಗಳನ್ನು ಮೊದಲಿದ್ದ ಹಾಗೇ ಜೋಡಿಸಿಟ್ಟು ಕೋಣೆಗೆ ಓಡಿದೆ.

“ಸುಜಾತಾ, ಕಟ್ಟು ಎಲ್ಲಮ್ಮಾ?”

“ಎಂತ ಕಟ್ಟು?”

“ಬಸಿದಿದ್ದ ಕಟ್ಟು! ಸಾರಿಗೆ ಇಟ್ಟಿದ್ದು!”

“ನಾನು ಮುಟ್ಟಲೇ ಇಲ್ಲ ವಿಮಲಕ್ಕ.”

“ಹಂಗಾದ್ರೆ ಅದೇ ಎದ್ದು ವಾಕಿಂಗ್ ಹೋಯ್ತಾ?”

“ನಿಮ್ಮ ಹುರುಳಿ ನೀರು ನಂಗೆ ಎಂತಕ್ಕೆ ಮಾರಾಯ್ರೆ? ನಮ್ಮ ಊರಲ್ಲಿ ಅದನ್ನು ಎಮ್ಮೆಗೆ ಕೊಡುವುದು!”

“ನಮ್ಮಪ್ಪ ನಿಮಗೆ ಎಮ್ಮೆ ಥರ ಕಾಣ್ತಾರಾ?” ಆಂಟಿ ಅಮ್ಮನಿಗೆ ಬಹುವಚನ ಹಾಕಿದ್ದು ಅದೇ ಮೊದಲು. ತಾತ ಪಲ್ಯ, ಮೊಸರನ್ನ ಉಂಡು, “ಇಷ್ಟು ಸಾಕಮ್ಮ” ಎಂದು ಎದ್ದರು. ಮರುದಿನ ಊರಿಗೆ ಹೋದರು.

ಮುಂದಿನ ವಾರ ಹೇಗಿತ್ತೆಂದು ನಿಮಗೆ ಹೇಗೆ ಹೇಳಲಿ? ತೂತಿನ ಪಾತ್ರೆ ನಮ್ಮ ಕಪಾಟಿಗೆ, ಬೋಗುಣಿ ಅವರ ಕಪಾಟಿಗೆ ಹೋದವು. ಅಮ್ಮ ಚಿಕ್ಕ ಪಾತ್ರೆಯ ಮೇಲೆ ಅನ್ನ ಬಸಿಯಲು ಹೋಗಿ ಕೈ ಸುಟ್ಟುಕೊಂಡಳು. ಆಂಟಿ ಚಹಾ ಸೋಸುವ ಜಾಲರಿಯಲ್ಲಿ ಹಿಡಿ ಹಿಡಿಯಾಗಿ ಸೊಪ್ಪು ಬಸಿದರು. ನನ್ನ ಕನ್ನಡ ಪಾಠ ಖಲಾಸ್. ಅಪ್ಪ ಊಟಕ್ಕೆ ಕೂತು, “ಖಾಲಿದಿಯಾದಲ್ಲಿ ಕಂಪೆನಿ ಫ್ಲಾಟ್ ಉಂಟಂತೆ, ಕೇಳಿ ನೋಡ್ತೇನೆ” ಎಂದರು. ನಾವು ಅಬುಧಾಬಿಗೆ ಹೋದರೆ ಆಂಟಿ ಇನ್ನು ಸಿಗುವುದಿಲ್ಲ, ಕಾರಣ ನಾನು.

ಮುಂದಿನ ಶುಕ್ರವಾರ ಸ್ಟೂಲ್ ಹತ್ತಿ ಎರಡು ಕಪಾಟುಗಳನ್ನೂ ತೆರೆದು ಪಾತ್ರೆಗಳನ್ನು ಹೊರಗೆಳೆದು ಒಂದರೊಳಗೊಂದು ಇಟ್ಟೆ. ಠಣ್! ಎರಡು ಕೋಣೆಗಳಿಂದ ಇಬ್ಬರೂ ಬಂದು ನಿಂತರು. ನಾನು ಇಂಗ್ಲಿಷಿನಲ್ಲಿ ಏನೋ ತೊದಲಿದೆ. “ಕನ್ನಡದಲ್ಲಿ ಹೇಳು ಪುಟ್ಟಿ,” ಎಂದರು ಆಂಟಿ. “ನಾನೇ ಚೆಲ್ಲಿದ್ದು. ಬಣ್ಣದ ನೀರು ಅಂತ.” ಅಮ್ಮನ ಕೈ ಸೌಟಿನ ಕಡೆ ಹೋಯಿತು. ಆಂಟಿ ಸಿಂಕಿನ ಬುಡದ ಸ್ಟೂಲನ್ನು ನೋಡಿದರು, ಹಣೆ ಚಚ್ಚಿಕೊಂಡರು. “ಅಯ್ಯೋ, ಅವತ್ತೂ ಈ ಸ್ಟೂಲ್ ಇಲ್ಲೇ ಇತ್ತಲ್ಲಾ! ನಿಂಗೆ ಸ್ಟೂಲ್ ಯಾಕೆ ಬೇಕು ಸುಜಾತಾ? ನಾನೊಬ್ಬಳು ಪೆದ್ದಿ.” ಅಮ್ಮ, “ಎಮ್ಮೆ ಅಂತ ಬಾಯಿಗೆ ಬಂತು ವಿಮಲಕ್ಕ, ತಪ್ಪಾಯ್ತು,” ಎಂದಳು. ಇಬ್ಬರೂ ಅಳುತ್ತಿದ್ದಾರೋ ನಗುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಎದೆಯ ಮೇಲಿದ್ದ ಅಕ್ಕಿಮೂಟೆ ಇಳಿದಂತಾಯಿತು.

ತಾತನಿಗೂ ಫೋನ್ ಮಾಡಿ ಹೇಳಿಸಿದರು. ಅವರು ಗಹಗಹಿಸಿ ನಕ್ಕರು. “ನೀನೇನಾ ಪುಣ್ಯಾತ್ಗಿತ್ತಿ? ಅವತ್ತು ಹೊಟ್ಟೆ ಸರಿ ಇರ್ಲಿಲ್ಲ ಪುಟ್ಟಿ. ಹುರುಳಿ ಸಾರು ಉಂಡು ವಿಮಾನ ಹತ್ತಿದ್ರೆ ನನ್ನ ಗತಿ ಏನು? ನನ್ನ ಮಗಳಿಗೆ ಹೇಳ್ಬೇಡ.” ಆಂಟಿ, “ಅಪ್ಪಾ, ಸ್ಪೀಕರ್ ಆನ್ ಇದೆ,” ಎಂದರು. ತಾತ ಕೆಮ್ಮಿದರು. “ಆದ್ರೂ ಸಾರು ಚೆನ್ನಾಗೇ ಇರ್ತಿತ್ತು ಬಿಡು!”

ಖಾಲಿದಿಯಾದ ಮಾತು ಅಲ್ಲಿಗೇ ನಿಂತಿತು. ಎರಡು ವರ್ಷದ ಮೇಲೆ ಅಂಕಲ್ ಕೆಲಸ ಬಿಟ್ಟು, ಆಂಟಿಯ ಸಂಸಾರವೇ ಮೈಸೂರಿಗೆ ಹೊರಟಿತು. ಕಾರ್ಟನ್ ಕಟ್ಟುವ ದಿನ ಅಮ್ಮ ತೂತಿನ ಪಾತ್ರೆಯನ್ನು ಅವರ ಪೆಟ್ಟಿಗೆಗೆ ಹಾಕಿದಳು, ಅವರು ತೆಗೆದರು, ಇವಳು ಮತ್ತೆ ಹಾಕಿದಳು. ಅವರು ಹೋದ ಮೇಲೆ ನೋಡಿದರೆ ನಮ್ಮ ಕಪಾಟಿನಲ್ಲಿ ಎರಡೂ ಒಂದರೊಳಗೊಂದು ಕೂತಿದ್ದವು. ಆಮೇಲೆ ನಾವೂ ಆ ಫ್ಲಾಟ್ ಬಿಟ್ಟೆವು. ಈಗ ಆ ಗಾಜಿನ ಮೇಲೆ ಯಾರ ಅನ್ನದ ಹಬೆಯೋ.

ಹಾಸ್ಟೆಲಿಗೆ ಬರುವಾಗ ಅಮ್ಮ ಜೋಡಿಯನ್ನು ನನ್ನ ಕೈಗೆ ಕೊಟ್ಟಳು. ನಿನ್ನೆ ಮೊದಲ ಸಲ ಹುರುಳಿ ಬಸಿದೆ. ಉಜ್ಜಿ ಉಜ್ಜಿ ಬೋಗುಣಿಯ ‘ವಿ’ ಸವೆದುಹೋಗಿದೆ, ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಕೆಳಗೆ ಕಂದು ನೀರು ತುಂಬಿತು. ಅದರ ಮೇಲೊಂದು ತಟ್ಟೆ ಮುಚ್ಚಿ, ಸಾರಿಗೆ ಒಗ್ಗರಣೆ ಹಾಕುವವರೆಗೂ ಪಕ್ಕದಲ್ಲೇ ಕಾವಲು ನಿಂತಿದ್ದೆ.

ನಿಮ್ಮ ಮನೆಯಲ್ಲೂ ಬೇರೆಯವರ ಹೆಸರು ಕೊರೆದ ಪಾತ್ರೆ ಒಂದಾದರೂ ಇದ್ದೇ ಇರುತ್ತದೆ. ಅದನ್ನೊಮ್ಮೆ ತಿರುಗಿಸಿ ನೋಡಿ. ಯಾರ ಹೆಸರಿದೆ, ಅದು ನಿಮ್ಮಲ್ಲಿಗೆ ಹೇಗೆ ಬಂತು, ನನಗೊಂದಿಷ್ಟು ಬರೆದು ತಿಳಿಸುತ್ತೀರಾ?