ಆಟಿಯಲ್ಲಿ ಬಳಿದ ಬಣ್ಣ

ಗಿರಾಕಿಯನ್ನು ಕೈ ನೋಡಿ ಅಳೆಯುವುದು ನನ್ನ ಅಭ್ಯಾಸ. ಆಶಾಲತಕ್ಕನ ಬಳೆ ಹೋಟೆಲು ನಡೆಸಿದ ಮನೆಯದ್ದು, ದಪ್ಪ. ಅಂಗೈ ಮಾತ್ರ ಹಗ್ಗ ಎಳೆದು ಗಡಸಾದದ್ದು. ಬಂದರಿನಲ್ಲಿ ದೋಣಿ ಸಾಮಾನು ಮಾರುವ ಬ್ಯಾರಿ ನಾನು. ಅವರು ನನ್ನ ಅಂಗಡಿಯಲ್ಲಿ ನೈಲಾನ್ ಹಗ್ಗವನ್ನು ಬಗ್ಗಿಸಿ ನೋಡಿ, ಇದು ಬಿಸಿಲು ತಿಂದ ಮಾಲು, ಒಳಗಿನದ್ದು ತನ್ನಿ ಎನ್ನುತ್ತಿದ್ದರು. ಇಂಥವರಿಂದ ಲಾಭ ಕಡಿಮೆ, ಗೌರವ ಜಾಸ್ತಿ. ಗೌರವವನ್ನು ಬ್ಯಾಂಕಿನವರು ತೆಗೆದುಕೊಳ್ಳುವುದಿಲ್ಲ.

ಅವರೂ ಗಂಡ ಚಿತ್ತರಂಜನರೂ ಹೋಟೆಲನ್ನು ಮೈದುನನಿಗೆ ಬಿಟ್ಟು, ಹಳೆಯ ಹಾಯಿದೋಣಿಯೊಂದನ್ನು ಕೊಂಡು, ಅದರಲ್ಲೇ ಸಂಸಾರ ಹೂಡಿದವರು. ಮಳೆಗಾಲ ಬಿಟ್ಟರೆ ಕಾರವಾರ, ಗೋವಾ, ಕೊಚ್ಚಿ ಎಂದು ತೀರದುದ್ದಕ್ಕೂ ಅಲೆಯುತ್ತಿದ್ದರು. ಚಿತ್ತರಂಜನರ ಹೃದಯ ಕೈಕೊಟ್ಟ ಮೇಲೆ ಕಂಕನಾಡಿಯಲ್ಲಿ, ಆಸ್ಪತ್ರೆಗೆ ಹತ್ತಿರವೆಂದು ಫ್ಲಾಟು ಹಿಡಿದರು. ದೋಣಿ ಬೈಕಂಪಾಡಿಯ ಶೆಡ್ಡು ಸೇರಿತು.

ಕಳೆದ ವರ್ಷ ಚಿತ್ತರಂಜನರು ತೀರಿಕೊಂಡರು. ಈ ವರ್ಷ ಆಟಿ ತಿಂಗಳ ಜಡಿಮಳೆಯಲ್ಲಿ ಆಶಾಲತಕ್ಕ ಬಂದು, ದೋಣಿಯ ಅಡಿಗೆ ಬಳಿಯುವ ಬಣ್ಣ ಕೇಳಿದರು. ಮತ್ತೆ ದೋಣಿಯಲ್ಲೇ ಇರುತ್ತಾರಂತೆ, ಒಬ್ಬರೇ.

"ಆಟಿಯಲ್ಲಿ ಎಂತ ಅಕ್ಕ? ನಿಮ್ಮಲ್ಲಿ ಆಟಿಯಲ್ಲಿ ಒಳ್ಳೆ ಕೆಲಸ ಸುರು ಮಾಡ್ಲಿಕ್ಕಿಲ್ಲ ಅಲ್ವಾ? ಈ ಥಂಡಿಗೆ ಬಣ್ಣ ಒಣಗುದೂ ಇಲ್ಲ. ವ್ಯಾಪಾರಿಯೇ ಬೇಡ ಅಂತ ಹೇಳ್ತಿದ್ದೇನೆ, ನೋಡಿ."

ಅವರು ನಗಲಿಲ್ಲ. "ಹೋದ ಆಟಿಯಲ್ಲಿ ಅವರು ಕೇಳಿದ್ರು ಬ್ಯಾರಿಗಳೇ, ಶೆಡ್ಡಲ್ಲೇ ಆಗ್ಲಿ, ಒಂದು ರಾತ್ರಿ ದೋಣಿಯೊಳಗೆ ಮಲಗುವ ಅಂತ. ಆಟಿ ಮುಗಿಲಿ ಮಾರಾಯ್ರೆ, ಮುಂದಿನ ತಿಂಗಳು ಹೋಗುವ ಅಂದೆ. ಮುಂದಿನ ತಿಂಗಳಿಗೆ ಅವರು ಇರ್ಲಿಲ್ಲ."

ಬಣ್ಣ ಕಟ್ಟಿಕೊಟ್ಟೆ. ನಾನು ಹೇಳಿದ ಹಾಗೆಯೇ ಅದು ಒಣಗದೆ ಗುಳ್ಳೆ ಎದ್ದು ಹಪ್ಪಳದಂತೆ ಸುಲಿದು ಬಂತು. ಮಳೆ ನಿಂತ ಮೇಲೆ ಅದನ್ನೆಲ್ಲ ಕೆರೆದು ಹೊಸದಾಗಿ ಬಳಿದರು. ಬಣ್ಣ ನನ್ನಲ್ಲೇ ಕೊಂಡರು. ಒಂದೇ ದೋಣಿಗೆ ಎರಡು ವ್ಯಾಪಾರ. ಅಂಥ ವ್ಯಾಪಾರ ನನಗೆ ಬೇಕಿರಲಿಲ್ಲ. ಹಾಯಿ ಹೊಲಿಸಿದರು, ನೀರೆತ್ತುವ ಪಂಪು ಬಿಚ್ಚಿ ಜೋಡಿಸಿದರು. ದೋಣಿ ಮಾರು ಎಂದು ಹಟ ಹಿಡಿದಿದ್ದ ಮಗಳು ಮನ್ವಿತಾಳ ಕೈಗೆ ಫ್ಲಾಟಿನ ಕೀ ಕೊಟ್ಟು ಬಂದರು.

ಕ್ರೇನಿನಲ್ಲಿ ನೀರಿಗಿಳಿದ ದೋಣಿ ಈಗ ಫಲ್ಗುಣಿ ನದಿಯಲ್ಲಿ, ಬೆಂಗರೆಯ ಎದುರು ಲಂಗರು ಹಾಕಿದೆ. ಹಗ್ಗ ಕೊಡುವ ನೆಪದಲ್ಲಿ ನೋಡಲು ಹೋದೆ. ಒಳಗೆ ಮಲಗಲು ಎರಡು ಹಲಗೆ. ಒಂದರಲ್ಲಿ ಅವರ ಹಾಸಿಗೆ, ಇನ್ನೊಂದರ ಮೇಲೆ ಹಾಯಿಚೀಲಗಳ ರಾಶಿ. ಇದೆಂಥ ಗೋಡೌನು ಅಕ್ಕ ಎಂದು ಕೆಣಕಿದೆ.

"ಖಾಲಿ ಇದ್ರೆ ಕಣ್ಣು ಅಲ್ಲಿಗೇ ಹೋಗ್ತದೆ" ಎಂದರು.

ಚಹಾ ಕೊಟ್ಟರು. ನಿದ್ರೆ ಬರ್ತದಾ ಎಂದು ಕೇಳಿದೆ.

"ಬರ್ತದೆ. ಫ್ಲಾಟಲ್ಲಿ ಬರ್ತಿರ್ಲಿಲ್ಲ. ಆದ್ರೆ ಇದು ನಾನು ಒಬ್ಬಳೇ ಬರ್ಬೇಕಾದ ಜಾಗ ಅಲ್ಲ."

ಕಾಸರಗೋಡಿನಲ್ಲಿ ಕಾಯಿಲೆ ಬಿದ್ದಿರುವ ತನ್ನ ಅಕ್ಕನನ್ನು ನೋಡಬೇಕೆಂದು ನನ್ನ ಹೆಂಡತಿ ರಮ್ಲಾ ತುಂಬ ದಿನದಿಂದ ಕೇಳುತ್ತಿದ್ದಳು. ಸೀಸನ್ ಮುಗಿಯಲಿ ಎನ್ನುತ್ತಿದ್ದೆ. ಮರುದಿನ ಅಂಗಡಿ ತೆರೆಯಲಿಲ್ಲ. ಇಬ್ಬರೂ ರೈಲು ಹತ್ತಿದೆವು. ಅಕ್ಕ ತಂಗಿ ಸಂಜೆಯವರೆಗೆ ಕೈ ಹಿಡಿದುಕೊಂಡು ಮಾತಾಡಿದರು. ಆ ಒಂದು ದಿನಕ್ಕೆ ನಾನು ಆಶಾಲತಕ್ಕನಿಗೆ ಋಣಿ.