ಒಳಗಿನ ಮೆಟ್ಟಿಲು

ನಮ್ಮ ಭಾವ ಗಾರೆ ಕೆಲಸದವರು. ಹೆಸರು ಹಿಡಿದು ಯಾರೂ ಕರೆಯಲ್ಲ, 'ಗೋಡೆ ಮೇಸ್ತ್ರಿ' ಅಂತಾರೆ. ಹೊಳೆ ದಂಡೆಯ ಈ ಬೀದಿಯಲ್ಲಿ ಪ್ರತಿ ಮನೆ ಬಾಗಿಲಿಗೂ ಅಡ್ಡವಾಗಿ ಒಂದು ಗಿಡ್ಡ ಗೋಡೆ ಇದೆ, ನೆರೆ ನೀರು ಒಳಗೆ ಬರಬಾರದು ಅಂತ. ಅಷ್ಟೂ ಇವರ ಕೈಕೆಲಸ. ನಮ್ಮ ಬೀದಿಗೆ ಬಂದ ಸೊಸೆ ಮೊದಲು ಕಲಿಯೋದು ಅಡುಗೆ ಅಲ್ಲ, ಕಾಲೆತ್ತಿ ಗೋಡೆ ದಾಟೋದು.

ಮೊದಲು ಆ ಗೋಡೆ ಗೇಣುದ್ದ ಇತ್ತು. ಮಳೆ ಆಗಲೂ ಸುರೀತಿತ್ತು, ಹೊಳೆ ಆಗಲೂ ಉಕ್ಕುತ್ತಿತ್ತು, ಅದರ ಹುಟ್ಟುಗುಣವೇ ಅದು. ಆದರೆ ಆಚೆ ದಡದಲ್ಲಿ ಜೌಗು ಬಯಲಿತ್ತು, ಉಕ್ಕಿದ ನೀರು ಅಲ್ಲಿ ಹೋಗಿ ಮಲಗುತ್ತಿತ್ತು. ಆ ಬಯಲಿಗೆ ಮಣ್ಣು ಸುರಿದು ಗೋದಾಮು ಕಟ್ಟಿದರು. ಗೋದಾಮು ನೆನೆಯಬಾರದಲ್ಲ, ಉದ್ದಕ್ಕೂ ಒಡ್ಡು ಹಾಕಿದರು. ಮೇಲೆ ಗುಡ್ಡದ ಮರ ಕಡಿದರು, ಅಲ್ಲಿನ ಮಣ್ಣೆಲ್ಲ ಕೊಚ್ಚಿಕೊಂಡು ಬಂದು ಹೊಳೆಯ ತಳದಲ್ಲಿ ಕೂತಿತು. ಅರ್ಧ ಮಣ್ಣು ತುಂಬಿದ ಕೊಡಕ್ಕೆ ನೀರು ಹೊಯ್ದರೆ ಚೆಲ್ಲದೆ ಇನ್ನೇನು ಮಾಡುತ್ತೆ? ಚೆಲ್ಲಿದ್ದೆಲ್ಲ ನಮ್ಮ ಬೀದಿಗೆ. ಬಾಗಿಲ ಗೋಡೆ ಮೊಣಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ. ಮೇಸ್ತ್ರಿಗೆ ಕೈತುಂಬ ಕೆಲಸ.

ಅಷ್ಟರಲ್ಲಿ ನಮ್ಮಕ್ಕನ ಮಂಡಿ ಕೆಟ್ಟಿತ್ತು. ಭಾವ ಬೀದಿ ಕಡೆಗೆ ಚೆಂದದ ಮೆಟ್ಟಿಲು ಕಟ್ಟಿದ್ದರು. ಹೊರಗೆ ನಿಂತು ಕಟ್ಟೋರಿಗೆ ಹೊರಗಿನದೇ ಕಾಣೋದು. ಒಳಗಡೆ ಒಂದು ಮರದ ಸ್ಟೂಲ್ ಇಟ್ಟು ಕೈತೊಳೆದುಕೊಂಡಿದ್ದರು. ಹಿತ್ತಲ ಬಾಗಿಲಿಗಂತೂ ಪೂರ್ತಿ ಇಟ್ಟಿಗೆ ಹಾಕಿ ಮುಚ್ಚಿಯಾಗಿತ್ತು.

"ಒಳಗೂ ಒಂದು ಮೆಟ್ಟಿಲು ಕಟ್ಟಿ ಅಂತ ಎಷ್ಟು ಸಲ ಹೇಳ್ಲಿ?" ಅಕ್ಕ ಕೇಳಿದಳು. "ದೀಪದ ಬುಡದಲ್ಲೇ ಕತ್ತಲೆ ಅನ್ನೋದು ನಿಮ್ಮನ್ನ ನೋಡೇ ಇರಬೇಕು."

"ಸ್ಟೂಲ್ ಇದೆಯಲ್ಲೇ. ಮಳೆ ಮುಗೀಲಿ, ಕಟ್ತೀನಿ. ನಿನ್ನ ಕಾಲಿಗಿಂತ ನಾಲಿಗೆ ಗಟ್ಟಿಯಾಗಿದೆ, ಅದರ ಮೇಲೇ ನಿಂತ್ಕೊಂಡು ದಾಟು."

ಅಕ್ಕ ನಕ್ಕುಬಿಟ್ಟಳು.

ನೆರೆ ಬಂದ ದಿನ ಮಧ್ಯಾಹ್ನ ಭಾವ ಮೇಲಿನ ಬೀದಿಯಲ್ಲಿ ಹಿಟ್ಟಿನ ಗಿರಣಿಯವರ ಗೋಡೆ ಎತ್ತರಿಸುತ್ತಿದ್ದರು. ಕೆಳಗೆ ನಮ್ಮ ಬೀದಿಗೆ ನೀರು ಬಂತು ಅಂತ ಯಾರೋ ಅಂದಾಗ, "ನಮ್ಮನೆ ಗೋಡೆ ಸೊಂಟದುದ್ದ ಇದೆ" ಅಂದರಂತೆ. ಕಲಸಿದ ಗಾರೆ ಹಾಳಾಗುತ್ತೆ ಅಂತ ಹಿಡಿದ ಸಾಲು ಮುಗಿಸಿಯೇ ಎದ್ದರು.

ನೀರು ಬೀದಿಯಿಂದ ಒಳಗೆ ಹೋಗಲೇ ಇಲ್ಲ. ಬಚ್ಚಲ ಮೋರಿಯಿಂದ ಉಕ್ಕಿ ಬಂತು. ಒಳಗೆ ಬಂದದ್ದು ಹೊರಗೆ ಹೋಗೋಕೆ ಭಾವನ ಗೋಡೆಯೇ ಅಡ್ಡ. ಬೀದಿಯಲ್ಲಿ ಆಗ ಮೊಣಕಾಲುದ್ದ ನೀರು ಅಷ್ಟೇ, ದಾಟಿದ್ದರೆ ಅಕ್ಕ ನಡೆದು ಬರಬಹುದಿತ್ತು. ಎದುರುಮನೆ ದರ್ಜಿ ಮಹಡಿಯಿಂದ ಕೂಗಿದ, "ಅಕ್ಕ, ಬೇಗ ದಾಟಿ ಬನ್ನಿ."

ಅಕ್ಕ ಗೋಡೆ ಹಿಡಿದು ನಿಂತಿದ್ದಳಂತೆ. "ಸ್ಟೂಲ್ ತೇಲಿಹೋಯ್ತಪ್ಪ," ಅಂದಳಂತೆ.

ಅವನು ಇಳಿದು ಬರುವಷ್ಟರಲ್ಲಿ ಬೀದಿಯ ತಿರುವಿನ ಕಡೆಯಿಂದ ಹೊಳೆ ನುಗ್ಗಿತು. ಗೋಡೆ ದಾಟಿ ಒಳಗೆ ಸುರಿಯಿತು.

ನೀರಿಳಿದ ಮೇಲೆ ಭಾವನ ಮನೆಗೆ ಹೋದೆ. ಮಾಡಿದ್ದುಣ್ಣೋ ಮಹರಾಯ ಅಂತ ಮುಖಕ್ಕೆ ಹೊಡೆದ ಹಾಗೆ ಅನ್ನಬೇಕು ಅಂತಲೇ ಹೋಗಿದ್ದೆ. ಭಾವ ಒಳಗೆ ಕೆಸರಲ್ಲಿ ಕೂತು ಇಟ್ಟಿಗೆ ಜೋಡಿಸುತ್ತಿದ್ದರು. ಪಕ್ಕದ ಮನೆಯವರು ಹೊರಗಿನಿಂದ ಇಣುಕಿ, "ಮೇಸ್ತ್ರಿ, ನಮ್ಮ ಗೋಡೆ ಎದೆಯುದ್ದ ಮಾಡಬೇಕಿತ್ತು, ಯಾವಾಗ ಬರ್ತೀರಿ?" ಅಂತ ಕೇಳಿದರು.

ಭಾವ ತಲೆಯೆತ್ತಲಿಲ್ಲ. "ಒಳಗೆ ಮೆಟ್ಟಿಲು ಕಟ್ಟಿಸ್ಕೊಳ್ಳೋದಾದ್ರೆ ಬರ್ತೀನಿ."

ಬೈಯೋಕೆ ಬಂದವಳು ಕೆಸರಿಂದ ಒಂದು ಇಟ್ಟಿಗೆ ಎತ್ತಿ ಅವರ ಕೈಗೆ ಕೊಟ್ಟೆ.

"ಇದು ಯಾರಿಗೆ ಭಾವ, ಈಗ?" ಅಂದೆ.

"ಮಳೆ ಮುಗಿದ ಮೇಲೆ ಕಟ್ತೀನಿ ಅಂದಿದ್ದೆ," ಅಂದರು.